ಟವಲಿನ ಕೆಳಗೆ ಆರು ಬೆರಳು

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳ್ಬೇಡ, ನಂಗೂ ಗೊತ್ತಿಲ್ಲ, ದ್ಯಾವಣ್ಣ ಅಂತ ಒಬ್ಬ ಇದ್ನಂತೆ. ಅರ್ಧ ಎಕರೆ ಹೊಲ, ಅದ್ರ ತುಂಬ ಬದನೆಗಿಡ. ಅವನ ಬಲಗೈಗೆ ಆರು ಬೆರಳು, ಕಿರುಬೆರಳ ಪಕ್ಕ ಇನ್ನೊಂದು ಪುಟಾಣಿ ಬೆರಳು. ಹೂಂ ಕಣೋ, ಆರೇ. ನಿಂದು ಎಣಿಸ್ಬೇಡ, ಕೈ ಹೊದಿಕೆ ಒಳಗಿಡು. ಸಂತೆಗೆ ಅವರಪ್ಪ ಹೋಗ್ತಿದ್ದ, ಅಪ್ಪ ತೀರ್ಕೊಂಡ್ಮೇಲೆ ಇವನೇ ಮೊದಲ್ನೇ ಸಲ ಪಕ್ಕದ ಮನೆಯೋರ ಗಾಡೀಲಿ ಮೂರು ಮಂಕರಿ ಬದನೆಕಾಯಿ ಹಾಕ್ಕೊಂಡು ಹೋದ್ನಂತೆ. ಮನೇಲಿ ರಾಗಿ ತಳ ಕಂಡಿತ್ತು, ಎರಡು ಹೆಣ್ಮಕ್ಕಳು ಹಸ್ಕೊಂಡು ಬಾಗಿಲಲ್ಲೇ ಕೂತಿದ್ವು. ಕಾಯಿ ಬಿಸಿಲಿಗೆ ಬಾಡೋದ್ರೊಳಗೆ ಮಾರಿದ್ರೆ ಹಿಟ್ಟು, ಇಲ್ದಿದ್ರೆ ಇಲ್ಲ.

ಆ ಸಂತೇಲಿ ಬೆಲೆನ ಬಾಯಲ್ಲಿ ಹೇಳೋ ಹಾಗಿರ್ಲಿಲ್ವಂತೆ. ಟವಲಿನ ಕೆಳಗೆ ಕೊಳ್ಳೋ ಸಾವ್ಕಾರ ರೈತನ ಬೆರಳು ಹಿಡೀಬೇಕು, ಎಷ್ಟು ಬೆರಳು ಹಿಡಿದ್ನೋ ಮಂಕರಿಗೆ ಅಷ್ಟು ರೂಪಾಯಿ. ಪಕ್ಕದಲ್ಲಿ ಕೂತೋರಿಗೂ ಗೊತ್ತಾಗ್ಬಾರ್ದು.

ಮೊದಲ್ನೇ ಸಾವ್ಕಾರ ಬಂದು ಕಿರುಬೆರಳ ಕಡೆಯಿಂದ ಮೂರು ಬೆರಳು ಹಿಡಿದ್ನಂತೆ. ದ್ಯಾವಣ್ಣ ತನ್ನ ಪುಟಾಣಿ ಬೆರಳನ್ನ ಯಾವತ್ತೂ ಲೆಕ್ಕಕ್ಕೇ ಇಟ್ಕೊಂಡವನಲ್ಲ, ಎರಡೇನಾ ಅಂದ್ಕೊಂಡು ಕೈ ಕಿತ್ಕೊಂಡ. ಸಾವ್ಕಾರನಿಗೆ ತಲೆಬುಡ ಗೊತ್ತಾಗ್ಲಿಲ್ಲ, ಬಾಯಿಬಿಟ್ಟು ಕೇಳೋ ಹಾಗೂ ಇಲ್ಲ, ಎದ್ದು ಹೋದ. ಆಮೇಲೆ ದ್ಯಾವಣ್ಣನಿಗೆ ಹೊಳೀತಂತೆ, ಅಯ್ಯೋ, ಅವನು ಹಿಡಿದಿದ್ದು ಮೂರು, ಇನ್ಮೇಲೆ ಇದನ್ನೂ ಎಣಿಸ್ಬೇಕು ಅಂತ.

ಆಮೇಲೆ ಎರಡನೇ ಸಾವ್ಕಾರ ಬಂದು ಇಡೀ ಕೈಯೇ ಹಿಡಿದ್ನಂತೆ, ಐದು ಅಂತ. ದ್ಯಾವಣ್ಣ ಆರು ಅಂದ್ಕೊಂಡು ಖುಷಿಯಾಗಿ ತಲೆ ಆಡಿಸ್ದ. ಅವನು ಹದಿನೈದು ಕೊಟ್ಟ, ಇವನು ಇನ್ನೂ ಮೂರು ಕೊಡಿ ಅಂದ. ಅವನು ಇವನ್ನ ಮೋಸಗಾರ ಅಂದ, ಇವನು ಅವನ್ನ ಅಂದ. ಯಾರದು ಸರಿ ಅಂತೀಯಾ? ಸುಮ್ನಿರು, ಹೇಳೋಕೆ ಹೋದ್ರೆ ನಂಗೇ ಲೆಕ್ಕ ತಪ್ಪತ್ತೆ. ಅಂತೂ ದುಡ್ಡು ಅವನ ಜೇಬಿಗೆ ವಾಪಸ್ ಹೋಯ್ತು, ಬಿಸಿಲು ನೆತ್ತಿಗೆ ಬಂತು, ಕಾಯಿ ಸುಕ್ಕಾಗ್ತಾ ಬಂತು, ದ್ಯಾವಣ್ಣನಿಗೆ ಅಳುವೇ ಬಂದ್ಬಿಡ್ತಂತೆ.

ಆಮೇಲೆ ಮೂರನೆಯವನು ಬಂದ. ಹಿಡಿಯೋಕ್ ಮುಂಚೆ ಬೆರಳೆಲ್ಲ ತಡವಿ ನೋಡೋ ಚಾಳಿ ಅವನಿಗೆ. ಒಂದು, ಎರಡು, ಮೂರು, ನಾಲ್ಕು, ಐದು, ಆಮೇಲೂ ಒಂದು ಸಿಕ್ತು! ಅಯ್ಯಯ್ಯಪ್ಪಾ, ಒಳಗೆ ಇನ್ಯಾರ್ದೋ ಕೈ ಇದೆ ಅಂತ ಕಿರುಚ್ಕೊಂಡು ಟವಲು ಕಿತ್ತು ಬಿಸಾಕಿದ್ನಂತೆ. ಕೈ ನೋಡ್ದ, ಬೆವರು ಒರೆಸ್ಕೊಂಡ, ನಿನ್ನ ಬೆರಳ ಸಹವಾಸವೇ ಬೇಡ ಮಾರಾಯ, ಮಂಕರಿಗೆ ನಾಲ್ಕು ರೂಪಾಯಿ, ತಗೋ ಅಂತ ಗಟ್ಟಿಯಾಗಿ ಅಂದ್ಬಿಟ್ಟ.

ಇಡೀ ಸಂತೆಗೇ ಕೇಳಿಸ್ತು. ಪಕ್ಕದಲ್ಲಿ ಬದನೆಕಾಯಿ ಮಾರೋ ಸಣ್ಣತಾಯಮ್ಮ ಅಂತ ಒಬ್ಬಾಕೆ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು ಎದ್ಲಂತೆ. ಲೋ ಸಾವ್ಕಾರ, ಇಂಥದ್ದೇ ಕಾಯಿಗೆ ಬೆಳಿಗ್ಗೆ ನನ್ನ ಎರಡೇ ಬೆರಳು ಹಿಡಿದ್ಯಲ್ಲೋ! ಅವಳ ಹಿಂದೆ ಇನ್ನೊಬ್ಬ, ನಂಗೆ ಒಂದೇ ಬೆರಳು ಅಂದ. ಆಮೇಲೆ ಟೊಮೇಟೊದೋರು, ಹೀರೇಕಾಯಿಯೋರು, ಬಾಳೆಹಣ್ಣಿನೋರು ಎಲ್ಲಾ ಎದ್ರು. ಇಷ್ಟು ವರ್ಷ ಪಕ್ಕ ಪಕ್ಕ ಕೂತು ಒಬ್ಬರ ಬೆಲೆ ಇನ್ನೊಬ್ಬರಿಗೆ ಗೊತ್ತೇ ಇರ್ಲಿಲ್ಲ, ನೋಡು!

ಅವತ್ತಿಂದ ಒಬ್ಬರೂ ಟವಲಿನ ಕೆಳಗೆ ಕೈ ಕೊಡ್ಲಿಲ್ವಂತೆ. ಸಾವ್ಕಾರರು ಗಂಟಲು ಹರ್ಕೊಂಡು ಕೂಗ್ಬೇಕಾಯ್ತು, ನಾಲ್ಕು, ನಾಲ್ಕೂವರೆ, ಐದು ಅಂತ. ದ್ಯಾವಣ್ಣ ಐದಕ್ಕೆ ಮಾರಿ ರಾಗಿಹಿಟ್ಟು ತಗೊಂಡು ಓಡಿದ್ನಂತೆ, ಮಕ್ಕಳು ಬಿಸಿ ಮುದ್ದೆ ತಿಂದು ಅಲ್ಲೇ ಒರಗಿದ್ವಂತೆ. ಸಣ್ಣತಾಯಮ್ಮ ಬೆಳಗಿನ ಬಾಕಿ ವಸೂಲಿ ಮಾಡಿ, ಕೆಳಗೆ ಬಿದ್ದಿದ್ದ ಸಾವ್ಕಾರನ ಟವಲು ತಗೊಂಡು, ಸಿಂಬಿ ಸುತ್ತಿ ತಲೆ ಮೇಲಿಟ್ಟು, ಅದರ ಮೇಲೆ ಖಾಲಿ ಮಂಕರಿ ಇಟ್ಕೊಂಡು ನೆಟ್ಟಗೆ ಮನೆಗೆ ನಡೆದ್ಲಂತೆ.

ಅವಳು ಮನೆ ಸೇರಿದ್ಲು, ಕತೇನೂ ಅಲ್ಲಿಗಾಯ್ತು, ಇನ್ನು ಕಣ್ಮುಚ್ಚು.