ಪಾರ್ಕಿನ ಶ್ರುತಿ

ಮೈಕ್ ನೋಡಲೆಂದು ಶರಾವತಿ ಎರಡು ಸಾಲು ಹಾಡಿ ನಿಲ್ಲಿಸಿದಳು. ವೇದಿಕೆಯಿಂದ ಇಳಿದು ಗುರುಗಳ ಮುಂದೆ ಬಂದು ನಿಂತಳು.

“ನನ್ನ ಹೆಸರು ತೆಗೆಸಿಬಿಡಿ ಮೇಷ್ಟ್ರೇ. ನಾನು ಹಾಡಲ್ಲ.”

ಮರಿಯಪ್ಪ ಮೇಷ್ಟ್ರು ಹುಲ್ಲಿನ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. “ಯಾಕೆ?” ಎಂದರು.

“ಅದು ಬಿಡ್ತಾ ಇಲ್ಲ.”

ಅವಳು ತೋರಿಸಿದ್ದು ವೇದಿಕೆಯ ಹಿಂದಿನ ಟ್ರಾನ್ಸ್‌ಫಾರ್ಮರನ್ನು. ತಂತಿಬೇಲಿಯೊಳಗೆ ನಿಂತು ಅದು ಗುಂಯ್ ಎನ್ನುತ್ತಿತ್ತು. ಬಿಡುವಿಲ್ಲದೆ.

ನಗರದ ಬೇಸಿಗೆ ಉತ್ಸವದ ಮೊದಲ ಸಂಜೆ. ಪಾರ್ಕಿನಲ್ಲಿ ಸಂಗೀತ, ನೃತ್ಯ. ಟಿಕೆಟ್ ಇಲ್ಲ. ಯಾರು ಬೇಕಾದರೂ ಬರಬಹುದು, ಯಾವಾಗ ಬೇಕಾದರೂ ಎದ್ದು ಹೋಗಬಹುದು. ಮೊದಲು ಹಾಡಬೇಕಾದವಳು ಶರಾವತಿ. ಜನರ ಮುಂದೆ ಅವಳು ಹಾಡುವುದು ಅದೇ ಮೊದಲು.

“ಷಡ್ಜ ಹಿಡಿದರೆ ಅದು ಒಳಗೆ ಬಂದು ಕೆರೆಯುತ್ತೆ ಮೇಷ್ಟ್ರೇ. ಗಂಟಲು ನಡುಗುತ್ತೆ. ಇವತ್ತು ಕೆಟ್ಟು ಹೋದರೆ ನಾನು ಇನ್ನು ಯಾವತ್ತೂ ವೇದಿಕೆ ಹತ್ತಲ್ಲ. ನನಗೆ ನಾನು ಗೊತ್ತು.”

ಮೈಕಿನ ಇಕ್ಬಾಲ್ ತಂತಿ ಸುತ್ತುತ್ತಾ ಬಂದ. “ಆರಿಸಬಹುದಮ್ಮ. ಆದರೆ ಅದರ ಜೊತೆ ನನ್ನ ಮೈಕು, ವೇದಿಕೆ ದೀಪಗಳು, ಆಚೆ ಬೀದಿ ಮನೆಗಳ ಫ್ಯಾನು, ಎಲ್ಲ ಆರುತ್ತೆ. ಆಮೇಲೆ ಜನ ಬರೋದು ಹಾಡು ಕೇಳಕ್ಕಲ್ಲ, ನನಗೆ ಹೊಡೆಯಕ್ಕೆ.”

“ಮೈಕ್ ಜೋರು ಮಾಡಿ ಹಾಗಾದ್ರೆ.”

ಇಕ್ಬಾಲ್ ಜೋರು ಮಾಡಿದ. ಅವಳು ವೇದಿಕೆಯ ಅಂಚಿನಲ್ಲಿ ಕೂತು ತಂಬೂರಿ ಮೀಟಿದಳು. ತಂಬೂರಿಗೂ ಟ್ರಾನ್ಸ್‌ಫಾರ್ಮರಿಗೂ ಜಗಳ ಜೋರಾಯಿತು, ಅಷ್ಟೇ.

ಮೇಷ್ಟ್ರು ಸಿಪ್ಪೆ ಕೊಡವಿ ಎದ್ದರು.

“ಈ ಜಾಗಕ್ಕೆ ಮೊದಲು ಬಂದದ್ದು ಯಾರು? ನೀನೋ, ಅದೋ?”

“ಅದು.”

“ನಾಳೆ ಇಲ್ಲಿ ಇರೋದು?”

“ಅದೇ.”

“ಹಾಗಾದರೆ ನೀನೇ ಸರಿ.”

ಅವಳ ಮುಖ ಅರಳಿತು. “ಕೇಳಿದ್ರಾ ಇಕ್ಬಾಲಣ್ಣ? ನಾನೇ ಸರಿಯಂತೆ.”

ಮೇಷ್ಟ್ರು ಅವಳ ಕೈಯಿಂದ ತಂಬೂರಿ ತೆಗೆದುಕೊಂಡರು. ಬೇಲಿಯ ಹತ್ತಿರ ಹೋಗಿ ಕೂತರು. ಕಣ್ಣು ಮುಚ್ಚಿದರು. ಬಹಳ ಹೊತ್ತು ತಂತಿ ಮುಟ್ಟಲಿಲ್ಲ. ಆಮೇಲೆ ಬಿರಡೆ ತಿರುಗಿಸತೊಡಗಿದರು.

“ಅಯ್ಯೋ, ಇಳಿಸ್ತಾ ಇದ್ದೀರಿ ಮೇಷ್ಟ್ರೇ! ನಾನೇ ಸರಿ ಅಂದ್ರಲ್ಲ?”

“ಸರಿ ಅಂದೆ. ಪಕ್ಕಕ್ಕೆ.”

“ಚಿಕ್ಕವಳಿದ್ದಾಗಿಂದ ಅದೇ ಶ್ರುತಿಗೆ ಹಾಡಿದ್ದೀನಿ. ಅದು ನನ್ನ ಶ್ರುತಿ!”

“ಕೊಂಡ್ಕೊಂಡಿದ್ದೀಯಾ?”

ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು.

ವೇದಿಕೆಯ ಮೇಲಿಂದ ಮೃದಂಗದವನು ಗೊಣಗಿದ. “ಈಗ ನಾನೂ ಇಳಿಸಬೇಕಾ ಮೇಷ್ಟ್ರೇ?”

“ಕೈ ನೋಯುತ್ತಾ?”

ಅವನು ಕಲ್ಲು ತೆಗೆದು ಮೃದಂಗದ ಅಂಚು ಬಡಿಯತೊಡಗಿದ.

ಮೇಷ್ಟ್ರು ಒಂದು ತಂತಿ ಮೀಟಿದರು. ಒಂದು ಕೂದಲೆಳೆ ಇಳಿಸಿದರು. ಮತ್ತೆ ಮೀಟಿದರು. ನಾಲ್ಕೂ ತಂತಿ ಒಟ್ಟಿಗೆ ನುಡಿಸಿದರು.

ಟ್ರಾನ್ಸ್‌ಫಾರ್ಮರಿನ ಗುಂಯ್ ತಂಬೂರಿಯೊಳಗೆ ಮಾಯವಾಯಿತು.

ಇಕ್ಬಾಲ್ ಗಾಬರಿಯಾಗಿ ಓಡಿದ. “ಕರೆಂಟ್ ಹೋಯ್ತು! ಕರೆಂಟ್ ಹೋಯ್ತು!” ಮೈಕಿನ ಕೆಂಪು ದೀಪ ಉರಿಯುತ್ತಲೇ ಇತ್ತು. ಅವನು ದೀಪ ನೋಡಿದ, ಬೇಲಿ ನೋಡಿದ, ಮೇಷ್ಟ್ರನ್ನು ನೋಡಿದ. ಚಪ್ಪಲಿ ಬಿಟ್ಟು ಅಲ್ಲೇ ಕೂತ.

“ಹಾಡು,” ಎಂದರು ಮೇಷ್ಟ್ರು. ತಂಬೂರಿ ಹಿಡಿದು ಅವಳ ಹಿಂದೆ ಕೂತರು.

ಜನ ಬರುತ್ತಿದ್ದರು. ಪೇಪರ್ ಹಾಸಿಕೊಂಡು ಕೂತವರು, ಸೈಕಲ್ ಒರಗಿಸಿ ನಿಂತವರು, ಕಬ್ಬಿನ ಹಾಲಿನ ಲೋಟ ಹಿಡಿದವರು. ಮುಂದಿನ ನೃತ್ಯಕ್ಕೆ ಗೆಜ್ಜೆ ಕಟ್ಟುತ್ತಿದ್ದ ಹುಡುಗಿಯರು ಪರದೆಯ ಪಕ್ಕದಲ್ಲಿ ಗಲಗಲ ಮಾತಾಡುತ್ತಿದ್ದರು.

ಶರಾವತಿ ಷಡ್ಜ ಹಿಡಿದಳು. ಗಂಟಲು ನಡುಗಲಿಲ್ಲ. ಅವಳು ಹಿಡಿದಿದ್ದೇನು, ಯಾವುದೋ ಅವಳನ್ನು ಹಿಡಿದುಕೊಂಡಿತು.

ಅವಳು ಒಂದೊಂದೇ ಸ್ವರ ಹತ್ತಿದಳು. ಪ್ರತಿ ಸ್ವರಕ್ಕೂ ಕೆಳಗೆ ನೆಲವಿತ್ತು.

ಹೊತ್ತು ಮುಳುಗಿತು. ಪಾರ್ಕಿನ ದೀಪಗಳೆಲ್ಲ ಒಮ್ಮೆಗೇ ಹತ್ತಿದವು. ಭಾರ ಹೆಚ್ಚಾಗಿ ಟ್ರಾನ್ಸ್‌ಫಾರ್ಮರಿನ ದನಿಯೂ ಜೋರಾಯಿತು. ಶ್ರುತಿ ವೇದಿಕೆಯ ಹಲಗೆಗೆ ಬಂತು, ಹುಲ್ಲಿಗೆ ಬಂತು, ಕೂತವರ ಮೈಗೆ ಬಂತು. ಗೆಜ್ಜೆಯ ಹುಡುಗಿಯರು ಮಾತು ನಿಲ್ಲಿಸಿದರು. ಎದ್ದು ಹೋಗಲು ಚಪ್ಪಲಿ ಮೆಟ್ಟಿದ್ದ ಒಬ್ಬ ಮುದುಕ ನಿಂತಲ್ಲೇ ಕೈಮುಗಿದ. ಯಾರಿಗೆ ಮುಗಿದನೋ, ಅವನಿಗೂ ಗೊತ್ತಿರಲಿಲ್ಲ.

ಶರಾವತಿಯ ಕಣ್ಣಲ್ಲಿ ನೀರು. ದನಿ ಮಾತ್ರ ಅಲುಗಲಿಲ್ಲ. ಇಷ್ಟು ದೊಡ್ಡ ತಂಬೂರಿಗೆ ಅವಳು ಎಂದೂ ಹಾಡಿರಲಿಲ್ಲ.

ಮಂಗಳ ಹಾಡಿ ಮುಗಿಸಿದಳು. ಮೇಷ್ಟ್ರು ತಂತಿಗಳ ಮೇಲೆ ಅಂಗೈ ಇಟ್ಟರು. ತಂಬೂರಿ ನಿಂತಿತು.

ಶ್ರುತಿ ನಿಲ್ಲಲಿಲ್ಲ.

ಚಪ್ಪಾಳೆ ಬರಲಿಲ್ಲ. ಯಾರೂ ಮಿಸುಕಲಿಲ್ಲ. ಪಾರ್ಕಿಗೆ ಪಾರ್ಕೇ ಕೇಳುತ್ತಾ ಕೂತಿತ್ತು.

ಅವಳು ಹೆದರಿ ಹಿಂದಕ್ಕೆ ಬಾಗಿದಳು. “ಮೇಷ್ಟ್ರೇ, ಮುಗೀತು. ಯಾರೂ ಏಳ್ತಾನೇ ಇಲ್ಲ.”

“ನಿನ್ನದು ಮುಗೀತು,” ಎಂದರು ಮೇಷ್ಟ್ರು. “ನೀನು ಏಳು.”