ಅಮ್ಮನ ತುರುಬಿನ ಕಡ್ಡಿ

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಅಜ್ಜಿ ಹುಟ್ಟೋಕೆ ಮುಂಚೆ, ಚೀನಾ ದೇಶದಲ್ಲಿ ಹಳದಿ ನೀರಿನ ಒಂದು ಹೊಳೆ, ಹೊಳೆ ದಂಡೇಲಿ ಕಂಚಿನ ಎರಕ ಹೊಯ್ಯೋರ ಕೇರಿ ಇತ್ತಂತೆ. ಅಲ್ಲಿ ಶುವಾನ್ ಅಂತ ಒಬ್ಬಳು ಹುಡುಗಿ. ನಗಬೇಡ್ವೋ, ನಿನ್ನ ಹೆಸರು ಕೇಳಿದ್ರೆ ಅವಳೂ ನಗ್ತಿದ್ಲು. ಅವಳಮ್ಮ ಎರಕಕ್ಕೆ ಮಣ್ಣಿನ ಅಚ್ಚು ಮಾಡೋಳು, ಜ್ವರ ಬಂದು ಹೋಗ್ಬಿಟ್ಟಳಂತೆ.

ಸತ್ತೋರಿಗೆ ನಾವು ಎಡೆ ಇಡ್ತೀವಲ್ಲ, ಅವರೂ ಇಡೋರು, ಆದ್ರೆ ಬಾಳೆಲೆ ಮೇಲಲ್ಲ, ಕಂಚಿನ ಪಾತ್ರೇಲಿ. ಹಾಗಿಟ್ರೇನೇ ಸತ್ತೋರಿಗೆ ಮುಟ್ಟೋದು ಅಂತ ಅವರ ನಂಬಿಕೆ. ಬಡವರಿಗೆ ಕಂಚಿನ ಪಾತ್ರೆ ಎಲ್ಲಿಂದ ಬರಬೇಕು? ಮಣ್ಣಿನ ಬಟ್ಟಲಲ್ಲಿ ಗಂಜಿ ಇಟ್ಟಾಗೆಲ್ಲ ಶುವಾನ್‌ಗೆ ಹೊಟ್ಟೆ ಉರಿಯೋದಂತೆ, ಊರಿಗೆಲ್ಲ ಪಾತ್ರೆ ಅಚ್ಚು ಮಾಡಿಕೊಟ್ಟೋಳು ಹಸ್ಕೊಂಡಿರಬೇಕಾ ಅಂತ. ಏನಾದ್ರೂ ಸರಿ, ನಮ್ಮಮ್ಮನಿಗೆ ಕಂಚಿನಲ್ಲಿ ಉಣಿಸದೆ ಬಿಡಲ್ಲ ಅಂತ ಹಟ ಹಿಡಿದ್ಲಂತೆ.

ಆಮೇಲೆ ರಾಜನ ತಾಯಿ ತೀರ್ಕೊಂಡ್ಲಂತೆ. ಎಡೆ ಇಡೋಕೆ ಮೂರು ಕಾಲಿನ ದೊಡ್ಡ ಪಾತ್ರೆ ಬೇಕು ಅಂತ ಅಪ್ಪಣೆ ಬಂತು, ಅಮ್ಮನ ಹತ್ರ ಕಲಿತಿದ್ಲಲ್ಲ, ಅಚ್ಚಿನ ಕೆಲಸ ಶುವಾನ್ ಕೈಗೇ ಬಂತು. ಮಿಕ್ಕ ಕಂಚಿನಲ್ಲಿ ಅಮ್ಮನಿಗೊಂದು ಬಟ್ಟಲು ಹೊಯ್ಕೊಡಿ ಅಂದ್ಲಂತೆ. ಕೇರಿ ಯಜಮಾನ ಗೌ ಅಂತ, ಅವನು, ಅಯ್ಯೋ ಹುಚ್ಚಿ, ಒಂದೊಂದು ಚೂರೂ ರಾಜಂದೇ, ಬಾಯ್ಮುಚ್ಕೊಂಡು ಕೆಲಸ ನೋಡು ಅಂದನಂತೆ.

ಮೊದಲನೇ ಸಲ ಗೌ ಅವಸರಕ್ಕೆ ಅಚ್ಚು ಆರಿರಲೇ ಇಲ್ಲ, ಕಾದ ಕಂಚು ಬಿದ್ದದ್ದೇ ತಡ ಢಮಾರ್ ಅಂತ ಸಿಡೀತಂತೆ. ಆಮೇಲೆ ಎರಡನೇ ಸಲ ಪಾತ್ರೆ ಟೊಳ್ಳಾಗಲಿ ಅಂತ ಒಳಗಿಟ್ಟ ಮಣ್ಣಿನ ಗುಂಡು ಹೊರಗಿನ ಅಚ್ಚಿಗೆ ವಾಲಿ, ಪಾತ್ರೆ ಹೊಟ್ಟೇಲಿ ತೂತು! ವಾಲದೇ ಇರೋಕೆ ನಡುವೆ ಹಳೇ ಕಂಚಿನ ಚೂರು ಒತ್ತು ಕೊಡಬೇಕಂತೆ, ಹೊಯ್ದ ಮೇಲೂ ಅದು ಪಾತ್ರೆ ಮೈಯಲ್ಲೇ ಉಳ್ಕೊಳುತ್ತಂತೆ. ಈ ಪುಣ್ಯಾತ್ಮ ಗೌ ಕೇರೀಲಿದ್ದ ಚೂರನ್ನೆಲ್ಲ ಕರಗಿಸಿ ಕೂತಿದ್ದ. ಇನ್ನೊಂದು ಸಲ ಕೆಟ್ಟರೆ ಎಲ್ಲರೂ ಊರು ಬಿಡಿ ಅಂತ ರಾಜನ ಕಡೆಯೋರು ಹೇಳಿ ಹೋದರಂತೆ.

ಯಾಕೋ ಎದ್ದು ಕೂತೆ? ಮಲಗಿ ಕೇಳು.

ಮೂರನೇ ಸಲ. ಒಲೇಲಿ ಕಂಚು ಕುದೀತಿದೆ, ಒತ್ತಿಗೆ ಚೂರಿಲ್ಲ, ಗೌ ತಲೆ ಮೇಲೆ ಕೈ ಹೊತ್ತು ಕೂತಿದಾನೆ. ಶುವಾನ್ ಕೈ ತನ್ನ ತುರುಬಿಗೆ ಹೋಯ್ತಂತೆ. ಅಲ್ಲಿ ಅಮ್ಮ ಬಿಟ್ಟುಹೋದ ಒಂದೇ ಒಂದು ಕಂಚಿನ ಕಡ್ಡಿ. ಕಡ್ಡೀಲಿ ಗಂಜಿ ಹಾಕೋಕಾಗುತ್ತಾ? ಆದ್ರೂ ಅದನ್ನ ಮುರಿಯೋಕೆ ಮನಸ್ಸು ಬರದೆ ಪಾಪ, ಕೈಯಲ್ಲೇ ತಿರುಗಿಸಿ ತಿರುಗಿಸಿ ನೋಡಿದ್ಲಂತೆ. ಅಷ್ಟರಲ್ಲಿ ತಟ್ಟಂತ ಏನೋ ಹೊಳೀತು ನೋಡು. ಕಣ್ಣೊರೆಸ್ಕೊಂಡು, ಕಡ್ಡೀನ ಮೂರು ತುಂಡು ಮಾಡಿ, ಗುಂಡಿನ ಸುತ್ತ ಕೈಯಾರೆ ಇಟ್ಟು ಅಚ್ಚು ಮುಚ್ಚಿ, ಹೊಯ್ರಿ ಈಗ ಅಂದ್ಲಂತೆ.

ಅಚ್ಚು ಒಡೆದು ಬಡಿದು ನೋಡಿದ್ರೆ ಪಾತ್ರೆ ಘಣ್ ಅಂತಂತೆ! ಗೌ ಕುಣಿದಾಡಿಬಿಟ್ಟ, ಏನು ಬೇಕೋ ಕೇಳಮ್ಮ ಅಂದ. ನನಗೆ ಬೇಕಾದ್ದು ತಗೊಂಡಾಯ್ತು ಅಂದ್ಲಂತೆ ಇವಳು.

ಆಮೇಲೆ ರಾಜ ತಾಯಿಗೆ ಎಡೆ ಇಟ್ಟ, ಪಾತ್ರೆಯಿಂದ ಬಿಸಿ ಹಬೆ ಎದ್ದಿತು, ಎಲ್ಲರೂ ತಲೆ ಬಗ್ಗಿಸಿದರು. ಹಿಂದೆ ನಿಂತಿದ್ದ ಶುವಾನ್ ಮೆಲ್ಲಗೆ ಅಂದ್ಲಂತೆ, ಅಮ್ಮಾ, ಇದು ನೀನಿರೋ ಪಾತ್ರೆ, ಸಂಕೋಚ ಬೇಡ, ಹೊಟ್ಟೆ ತುಂಬ ಉಣ್ಣು.

ಎಷ್ಟೋ ಕಾಲ ಆದ್ಮೇಲೆ, ಹಳೇದನ್ನ ಹುಡುಕೋರು ಆ ನೆಲ ಅಗೆದಾಗ ಪಾತ್ರೆ ಸಿಕ್ತಂತೆ, ಮೈಯೆಲ್ಲ ಹಸಿರು ಕಿಲುಬು. ಅದರ ಮೇಲಿದ್ದ ರಾಜನ ಹೆಸರು ಅಳಿಸಿಹೋಗಿತ್ತು. ಹೊಟ್ಟೇಲಿ ಮಾತ್ರ ಬೇರೆ ಬಣ್ಣದ ಮೂರು ಚೂರು ಕೂತಲ್ಲೇ ಕೂತಿದ್ವಂತೆ.

ಅಮ್ಮ ಉಂಡಳು, ಮಗಳು ನಕ್ಕಳು, ಕತೆ ಮುಗೀತು. ಕಾಲು ಒಳಗೆಳ್ಕೊಂಡು ಮಲಗು ಇನ್ನ.