ಹುಳು ಮನೆಯ ಗಡಿಯಾರ

ಬೇಕಾದಾಗ ಬಂದು ಬೇಕಾದಾಗ ಹೋಗುವ ಕೆಲಸವನ್ನು ಈ ಸೀಮೆಯಲ್ಲಿ ಮೊದಲು ಗಿಟ್ಟಿಸಿದವನು ನಾನೇ. ಕಣ್ಣಾರೆ ಕಂಡವರೆಲ್ಲ ಈಗ ತೀರಿಕೊಂಡಿದ್ದಾರೆ, ಪಾಪ.

ಆಗ ನನ್ನ ಹೆಂಡತಿಯ ಕಾಲು ಮುರಿದಿತ್ತು. ಮಧ್ಯಾಹ್ನ ನಾನೇ ಹೋಗಿ ಅವಳಿಗೆ ಉಣ್ಣಲು ಇಕ್ಕಬೇಕು. ಕೆಲಸ ಸಿಕ್ಕಿದ್ದು ಮುದ್ದೇಗೌಡರ ರೇಷ್ಮೆ ಹುಳು ಮನೆಯಲ್ಲಿ. ಗೌಡರು ಹೊಸ ಗಡಿಯಾರ ತೋರಿಸಿ, "ಎಂಟಕ್ಕೆ ಬಾ, ಐದಕ್ಕೆ ಹೋಗು. ನಡುವೆ ಕದಲಿದರೆ ಕೆಲಸ ಇಲ್ಲ" ಎಂದರು.

"ಆಗಲಿ ಗೌಡ್ರೇ" ಅಂದೆ.

ಸಂಜೆ ಐದು ಹೊಡೆಯಿತು. ಸೊಪ್ಪಿನ ಕುಕ್ಕೆ ಕೆಳಗಿಟ್ಟು ಹೊರಟೆ.

"ಲೇ, ಹುಳು ಹಸಿದಿವೆ ಕಣೋ!"

"ಅವಕ್ಕೂ ಗಡಿಯಾರ ತೋರಿಸಿ ಗೌಡ್ರೇ. ನಾಳೆ ಎಂಟರವರೆಗೆ ಕಾಯ್ತವೆ."

ಮೂರು ದಿನ ಹೆಂಡತಿ ತಂಗಳು ಉಂಡಳು. ಮೂರು ದಿನ ಗೌಡರೇ ನಸುಕಿಗೆದ್ದು, ಪಂಚೆ ಎತ್ತಿ ಕಟ್ಟಿ ಹುಳುಗಳಿಗೆ ಸೊಪ್ಪು ಹಾಕಿದರು. ನಾಲ್ಕನೆಯ ದಿನ ಸೊಂಟ ಹಿಡಿದುಕೊಂಡು ಬಂದರು.

"ಹುಳು ತಿನ್ನೋ ಹೊತ್ತಿಗೆ ಬಂದು ಸೊಪ್ಪು ಹಾಕು ಮಹರಾಯ. ಮಿಕ್ಕ ಹೊತ್ತು ಎಲ್ಲಿಗಾದರೂ ಹೋಗು!"

ಅವತ್ತು ಮಧ್ಯಾಹ್ನ ಹೆಂಡತಿ ಬಿಸಿ ಮುದ್ದೆ ಉಂಡಳು.

ಕಥೆ ಇಲ್ಲಿಗೆ ಬಂದಾಗ ಅಡುಗೆ ಮನೆಯಿಂದ ಅವಳೇ ಕೂಗಿದಳು: "ನನ್ನ ಕಾಲು ಯಾವಾಗ ಮುರಿದಿತ್ತು?"

ನಾನು ಕಥೆ ಕೇಳುತ್ತಿದ್ದವರ ಕಡೆ ತಿರುಗಿ ಭುಜ ಕುಣಿಸಿದೆ. "ನೋಡಿದ್ರಾ, ಎಷ್ಟು ಚೆನ್ನಾಗಿ ಕೂಡಿಕೊಂಡಿದೆ! ಅವಳಿಗೇ ನೆನಪಿಲ್ಲ."